ಗಂಟೆ ಕೇಳಿದರೆ ಗಾಲಿ ಗಟ್ಟಿ

ಗಡಿಗೆ ಕೊಳ್ಳುವ ಹೆಂಗಸರು ಅದನ್ನು ಬೆರಳಿನಿಂದ ಬಾರಿಸಿ ನೋಡುತ್ತಾರೆ. ಟಣ್ ಅಂದರೆ ಗಟ್ಟಿ, ಬದ್ ಅಂದರೆ ಬಿರುಕು. ಕಾರಿನ ಗಾಲಿಯ ರಿಮ್ಮಿಗೂ ಇದೇ ನ್ಯಾಯ. ಹಾಗಾದರೆ ಆ ಹೆಂಗಸಿನ ಕೆಲಸವನ್ನು ರಸ್ತೆಯೇ ಮಾಡಿದರೆ? ತನ್ನ ಮೇಲೆ ಹಾಯ್ದು ಹೋಗುವ ಪ್ರತಿಯೊಂದು ಗಾಲಿಯ ಸದ್ದು ಕೇಳಿ, ಇದು ಸೀಳಿದೆ, ಇದು ಸೊಟ್ಟಗಾಗಿದೆ, ಇದರ ಬೇರಿಂಗ್ ಸವೆದಿದೆ ಎಂದು ನಿಂತ ಕಾಲಲ್ಲೇ ಹೇಳಿಬಿಟ್ಟರೆ? ಇಷ್ಟೇ ಯೋಚನೆ. ಇದರಲ್ಲಿ ಯಾರೂ ತಪ್ಪು ಹುಡುಕುವ ಹಾಗಿಲ್ಲ. ಹಾಳಾದದ್ದೆಲ್ಲ ಆಮೇಲೆ.

ಹೆದ್ದಾರಿಗಳಲ್ಲಿ ಊರ ಹೊರಗೆ ಒಂದೊಂದು ಕಡೆ ರಸ್ತೆಗೆ ಅಡ್ಡಲಾಗಿ ಕಪ್ಪು ಪಟ್ಟಿ ಹೂತರು. ಅದರೊಳಗೆ ಸಾಲಾಗಿ ಮೈಕುಗಳು. ಸರ್ಕಾರ ಅದಕ್ಕೆ ಉದ್ದುದ್ದ ಹೆಸರೇನೋ ಇಟ್ಟಿತ್ತು, ಜನ ಮಾತ್ರ ಕಿವಿಪಟ್ಟಿ ಅಂದರು. ಗಾಡಿ ಪಟ್ಟಿ ದಾಟಿದ ಕೂಡಲೇ ಮುಂದಿನ ಕಂಬದಲ್ಲಿ ದೀಪ ಹತ್ತುತ್ತದೆ. ಹಸಿರಾದರೆ ಮುಂದೆ ಹೋಗು. ಕೆಂಪಾದರೆ ಪಕ್ಕಕ್ಕೆ ನಿಲ್ಲಿಸು, ಎಂಜಿನ್ನಿಗೆ ತಾನಾಗಿ ಬೀಗ ಬೀಳುತ್ತದೆ. ಸರ್ಕಾರ ಒಪ್ಪಿದ ವರ್ಕ್‌ಶಾಪಿನವರು ಬಂದು ಗಾಲಿ ಬದಲಿಸುವ ತನಕ ಗಾಡಿ ಅಲುಗುವುದಿಲ್ಲ. ಆಂಬುಲೆನ್ಸಿಗೆ ಮಾತ್ರ ಈ ಬೀಗ ಇರಲಿಲ್ಲ, ಅದೊಂದು ಪುಣ್ಯದ ಕೆಲಸ ಮಾಡಿದ್ದರು.

ನಾನು ದಾಕ್ಷಾಯಣಿ ಮುಳಗುಂದ. ಹುಬ್ಬಳ್ಳಿಯಲ್ಲಿ ಈ ಪಟ್ಟಿಗಳ ನಿಯಂತ್ರಣ ಕೋಣೆ ಇದೆ, ಅಲ್ಲಿ ಶಬ್ದ ವಿಭಾಗದ ಎಂಜಿನಿಯರ್. ಯಂತ್ರವನ್ನು ಕಟ್ಟಿದ್ದು ನಾನಲ್ಲ. ಅದು ಕಟ್ಟಿ, ಹಾರ ಹಾಕಿಸಿಕೊಂಡು, ಪೇಪರಿನಲ್ಲಿ ಫೋಟೋ ಬಂದಾದ ಮೇಲೆ ನನ್ನನ್ನು ಕರೆದು ಅದರ ಮುಂದೆ ಕೂರಿಸಿದರು. ಮದುವೆ ಮುಗಿದ ಮೇಲೆ ಪಾತ್ರೆ ತೊಳೆಯಲು ಕರೆಯುತ್ತಾರಲ್ಲ, ಹಾಗೆ.

ಮೊದಲ ದಿನದಿಂದಲೂ ನನ್ನ ತಲೆಬಿಸಿ ಒಂದೇ. ಕೆಂಪು ಬಹಳ ಬೀಳುತ್ತಿತ್ತು. ಹತ್ತು ಗಾಡಿ ಹೋದರೆ ನಾಲ್ಕಕ್ಕೆ ಕೆಂಪು. ನಮ್ಮ ನಿರ್ದೇಶಕರು ಶ್ರೀನಿವಾಸ ಗಲಗಲಿ ಅಂತ. ಅವರ ಮುಂದೆ ಹೋಗಿ, ಸರ್, ಇಷ್ಟು ಗಾಲಿಗಳು ಹಾಳಾಗಿರಲು ಸಾಧ್ಯವೇ ಇಲ್ಲ, ಯಂತ್ರದ ಕಲಿಕೆಯಲ್ಲೇ ಏನೋ ದೋಷವಿದೆ ಅಂದೆ.

"ಅಲ್ಲವಾ ದಾಕ್ಷಾಯಣಿ, ನಮ್ಮ ರಸ್ತೆ ನೋಡೀಯಿಲ್ಲೋ?" ಅಂದು ಅವರು ನಕ್ಕರು. "ತಗ್ಗಿನಾಗ ರಸ್ತೆ ಹುಡುಕಬೇಕು. ಹಂತಾದ್ರಾಗ ಗಾಲಿ ನೆಟ್ಟಗಿರ್ತಾವೇನು? ಮಶೀನು ಖರೇ ಹೇಳ್ತದ, ನಮಗ ಕೇಳಿಸ್ಕೊಳ್ಳೋ ಧೈರ್ಯ ಬೇಕು."

ಈ ಮಾತು ಅವರಿಗೆ ಎಷ್ಟು ಹಿಡಿಸಿತೆಂದರೆ ಮರುವಾರದ ಭಾಷಣದಲ್ಲೂ ಅದನ್ನೇ ಹೇಳಿದರು. ಜನ ಚಪ್ಪಾಳೆ ತಟ್ಟಿದರು. ನಾನು ಮೂರನೇ ಸಾಲಿನಲ್ಲಿ ಕೂತು ಹಲ್ಲು ಕಡಿದೆ.

ಮನೆಗೆ ಬಂದರೆ ಅಲ್ಲಿ ಇನ್ನೊಂದು ಕೋರ್ಟು. ನಮ್ಮ ಮನೆಯವರ ನೌಕರಿ ಬಳ್ಳಾರಿಯಲ್ಲಿ. ಹುಬ್ಬಳ್ಳಿ ಮನೆಯಲ್ಲಿ ನಾನು, ನಮ್ಮ ಅತ್ತೆ ನೀಲವ್ವ, ನಾದಿನಿ ಕಸ್ತೂರಿ. ಕಸ್ತೂರಿ ಸ್ವಂತ ಟ್ಯಾಕ್ಸಿ ಓಡಿಸುತ್ತಾಳೆ. ಬಾಣಂತಿಯರು, ವಯಸ್ಸಾದವರು, ಒಬ್ಬೊಬ್ಬರೇ ಪ್ರಯಾಣ ಮಾಡುವ ಹುಡುಗಿಯರು, ಎಲ್ಲರಿಗೂ ಕಸ್ತೂರಿಯ ಗಾಡಿಯೇ ಆಗಬೇಕು. ಗಂಡನನ್ನು ಬಿಟ್ಟು ಬಂದ ಮೇಲೆ ಅವಳು ಯಾರ ಮುಂದೆಯೂ ಕೈ ಚಾಚಿದವಳಲ್ಲ, ಆ ಗಾಡಿಯೇ ಅವಳಿಗೆ ತೌರುಮನೆ, ಗಂಡನಮನೆ ಎರಡೂ.

ಅಂಥವಳ ಗಾಡಿಗೆ ಕೆಂಪು ಬಿತ್ತು. ಮುಂದಿನ ಎಡಗಾಲಿ ಸೀಳಿದೆ ಎಂದು ತೋರಿಸಿತು. ಅವಳು ಹಾದಿಯಲ್ಲೇ ಗಾಲಿ ಬಿಚ್ಚಿ, ತಿರುಗಿಸಿ ಮುರುಗಿಸಿ ನೋಡಿದಳು. ಒಂದು ಕೂದಲೆಳೆ ಗೆರೆಯೂ ಇಲ್ಲ. ಆದರೂ ಬೀಗ ಬಿದ್ದಿತ್ತು. ವರ್ಕ್‌ಶಾಪಿನವನು ಬರುವ ತನಕ ಗಿರಾಕಿಗಳು ಬಿಸಿಲಲ್ಲಿ ನಿಂತು, ಕಸ್ತೂರಿಗೆ ಬಾಯಿಗೆ ಬಂದದ್ದು ಅಂದು, ಬಸ್ಸು ಹತ್ತಿ ಹೋದರು.

"ವೈನಿ, ನಿಮ್ಮ ಮಶೀನಿಗೆ ಕಿವಿ ಐತೋ, ಬರೇ ತೂತು ಐತೋ?" ಎಂದು ಬಾಗಿಲಲ್ಲೇ ಶುರು ಮಾಡಿದಳು. "ಆ ಗಾಲಿ ತಗದು ಸ್ಟೆಪ್ನಿ ಹಾಕಿಸ್ದೆ. ಸ್ಟೆಪ್ನೀಗೂ ಕೆಂಪ! ಹಾವೇರಿ ಹತ್ರ ತಗ್ಗಿನಾಗ ಬಿದ್ದು ಬೆಂಡಾಗಿತ್ತು ಅದು, ಬಡಿಸಿ ನೆಟ್ಟಗ ಮಾಡ್ಸಿದ್ನಿ. ಅದರ ಕೆಂಪು ಬೇಕಾದ್ರ ಒಪ್ಪತೀನಿ. ಮೊದಲಿನ ಗಾಲಿಗೆ ಏನಾಗಿತ್ತು? ಅದನ್ನ ವರ್ಕ್‌ಶಾಪಿನಾಂವ ಒಯ್ದ, ಸ್ಟೆಪ್ನೀಗೆ ರೊಕ್ಕಾ ತಗೊಂಡು ಬರೇ ಬೀಗ ತಗದ."

"ನಾಳೆ ನೋಡ್ತೀನಿ ಕಸ್ತೂರಿ."

"ನೀವು ನೋಡ್ರಿ. ನಾ ಹಿಂಗ ನಾಲ್ಕು ದಿನ ನಿಂತ್ರ ಮಂದಿ ನನ್ನ ನಂಬರ ಅಳಸಿ ಹಾಕ್ತಾರ."

ನಾನು ಮರುದಿನ ನೋಡಿದೆ. ಪರದೆಯ ಮೇಲೆ ಗೆರೆಗಳು ಕುಣಿದವು. ಗಾಲಿ ಉರುಳಿದಾಗ ಬರುವ ನಾದ ಎಷ್ಟು ಹೊತ್ತು ಉಳಿಯುತ್ತದೆ ಎನ್ನುವುದನ್ನು ಯಂತ್ರ ಅಳೆಯುತ್ತದೆ. ಗಟ್ಟಿ ರಿಮ್ಮಿನ ನಾದ ಸ್ವಲ್ಪ ಹೊತ್ತು ಉಳಿಯಬೇಕು, ಸೀಳಿದ್ದರ ನಾದ ಚಟ್ಟನೆ ಸಾಯಬೇಕು. ಕಸ್ತೂರಿಯ ಎರಡೂ ಗಾಲಿಗಳ ನಾದ ಬೇಗ ಸತ್ತಿತ್ತು ಎಂದು ಯಂತ್ರ ಹೇಳುತ್ತಿತ್ತು. ನನಗೆ ಅದರಲ್ಲಿ ಎಳ್ಳಷ್ಟೂ ತಪ್ಪು ಕಾಣಲಿಲ್ಲ. ಯಂತ್ರ ಹೇಳಿದ್ದು ಸುಳ್ಳು ಅನ್ನಲು ನನ್ನ ಹತ್ತಿರ ಇದ್ದದ್ದು ನಾದಿನಿಯ ಕಣ್ಣೊಂದೇ. ಆಫೀಸಿನಲ್ಲಿ ಯಾರಾದರೂ ಅದನ್ನು ಪುರಾವೆ ಅನ್ನುತ್ತಾರೆಯೇ?

ಮನೆಯಲ್ಲಿ ಅತ್ತೆಯೇ ದಾರಿ ಹುಡುಕಿದರು. ಮಗಳಿಗೆ ಯಾರದೋ ಕಣ್ಣು ತಾಗಿದೆ ಎಂದು ತೀರ್ಮಾನಿಸಿ, ಸೋಮವಾರ ಬೆಳಿಗ್ಗೆ ದೇವರ ಕೋಣೆಯಿಂದ ಹಿತ್ತಾಳೆಯ ಗಂಟೆ, ವಿಭೂತಿ, ಊದಿನಕಡ್ಡಿ ತೆಗೆದುಕೊಂಡು ಗಾಡಿ ಹತ್ತಿದರು. ಗದಗ ರಸ್ತೆಯ ಕಿವಿಪಟ್ಟಿಯ ಹತ್ತಿರ ಇಳಿದು, ಅಲ್ಲಿಯೇ ಗಾಲಿಗಳಿಗೆ ವಿಭೂತಿ ಹಚ್ಚಿದರು. ಹಿಂದಿನ ಲಾರಿಯವನು ಹಾರ್ನ್ ಹೊಡೆದರೆ, "ತಡಿಯೋ ಯಪ್ಪಾ, ಎಲ್ಲಿ ಹಡಗ ಮುಳುಗೈತಿ" ಎಂದು ಬೈದು, ಪಟ್ಟಿಯ ಪಕ್ಕದಲ್ಲಿ ನಿಂತು ಗಂಟೆ ಬಾರಿಸುತ್ತ ಮಗಳಿಗೆ ಬಾ ಎಂದು ಸನ್ನೆ ಮಾಡಿದರು. ಕಸ್ತೂರಿ ಪಟ್ಟಿ ದಾಟಿದಳು. ಹಸಿರು ಹತ್ತಿತು.

ಸಂಜೆ ನಾನು ಮನೆಗೆ ಹೋದಾಗ ಅತ್ತೆ ಬೆಲ್ಲ ಹಾಕಿ ಸಿಹಿ ಸಜ್ಜಕ ಮಾಡಿದ್ದರು. "ನೀ ಕಲ್ತ ವಿದ್ಯಾಕ್ಕಿಂತ ನನ್ನ ಗಂಟಿ ದೊಡ್ಡದಾತು ನೋಡವಾ" ಅಂದರು. ಕಸ್ತೂರಿ ಕಿಸಿಕಿಸಿ ನಕ್ಕಳು. ನನಗೆ ಮೈಯೆಲ್ಲ ಉರಿಯಿತು. ಅದು ಕಾಕತಾಳೀಯ ಅತ್ತಿ, ಗಂಟಿಗೂ ಗಾಲಿಗೂ ಏನು ಸಂಬಂಧ ಎಂದು ಒಂದು ಗಂಟೆಯ ಉಪನ್ಯಾಸ ಕೊಟ್ಟೆ. ಅವರು ನನ್ನ ತಾಟಿಗೆ ಇನ್ನೊಂದು ಸೌಟು ಸಜ್ಜಕ ಬಡಿಸಿ ಒಳಗೆ ಹೋದರು.

ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಸುದ್ದಿ ಹಬ್ಬಲು ಎಷ್ಟು ಹೊತ್ತು? ಮರುದಿನ ಇನ್ನೊಬ್ಬ ಗಂಟೆ ತಂದ, ಅವನಿಗೂ ಹಸಿರು. ತಿಂಗಳೊಪ್ಪತ್ತಿನಲ್ಲಿ ಗಂಟೆ ಇಲ್ಲದ ಗಾಡಿ ಇಲ್ಲ ಎನ್ನುವಂತಾಯಿತು. ಹೊಳೆ ದಾಟುವಾಗ ನೀರಿಗೆ ಕಾಸು ಎಸೆಯುತ್ತಾರಲ್ಲ, ಹಾಗೆಯೇ ಪಟ್ಟಿ ಬಂತೆಂದರೆ ಕಿಟಕಿಯಿಂದ ಕೈ ಹೊರಗೆ ಹಾಕಿ ಗಂಟೆ ಆಡಿಸುವುದು. ಪಟ್ಟಿಗಳ ಪಕ್ಕದಲ್ಲಿ ಗಂಟೆ ಮಾರುವವರು ಕೂತರು. ಮಸೀದಿಗೆ ಹೋಗುವವರೂ ಇಟ್ಟುಕೊಂಡರು, ಚರ್ಚಿಗೆ ಹೋಗುವವರೂ ಇಟ್ಟುಕೊಂಡರು, ದೇವರೇ ಇಲ್ಲ ಎನ್ನುವ ನಮ್ಮ ಕಾಲೇಜಿನ ಹಳೆಯ ಪ್ರೊಫೆಸರರು ಕೂಡ ಆಡಿನ ಕೊರಳ ಗಂಟೆ ಒಂದನ್ನು ತಂದು ಸ್ಟೇರಿಂಗಿನ ಹತ್ತಿರ ಕಟ್ಟಿಕೊಂಡರು. "ಗಂಟಿ ಕೇಳಿದ್ರ ಗಾಲಿ ಗಟ್ಟಿ" ಎಂದು ಲಾರಿಗಳ ಹಿಂದೆ ಬರೆಸಿಕೊಂಡರು.

ನಮ್ಮ ಕೋಣೆಯ ಪರದೆಗಳಲ್ಲಿ ಕೆಂಪು ಇಳಿಯುತ್ತ ಬಂತು. ಗಲಗಲಿಯವರು ಸಿಹಿ ಹಂಚಿದರು. "ನೋಡ್ರಿ, ಜನಕ್ಕ ತಿಳುವಳಿಕಿ ಬಂತು. ಎಲ್ಲಾರೂ ಗಾಲಿ ರಿಪೇರಿ ಮಾಡ್ಸಿಕೊಂಡ್ರು" ಅಂದರು. ಧಾರವಾಡ ಪೇಢೆಯನ್ನು ನಾನು ಮೇಜಿನ ಮೇಲೆಯೇ ಇಟ್ಟೆ. ಇಷ್ಟೂ ಊರಿನ ರಿಮ್ಮು ಮಾರುವ ಅಂಗಡಿಯವರು ವ್ಯಾಪಾರವಿಲ್ಲ ಎಂದು ನೊಣ ಹೊಡೆಯುತ್ತ ಕೂತಿದ್ದರು. ಹಾಗಾದರೆ ಯಾರು, ಎಲ್ಲಿ, ಯಾವ ಗಾಲಿ ರಿಪೇರಿ ಮಾಡಿಸಿದರು? ಕೇಳಿದರೆ, "ನಿನಗ ಒಳ್ಳೇದು ಕಂಡ್ರ ಆಗೂದಿಲ್ಲ" ಎಂಬ ಉತ್ತರ.

ನನ್ನ ಮೇಲೆಯೇ ನನಗೆ ಸಿಟ್ಟು ಬಂದಿತ್ತು. ಜನ ಹುಚ್ಚರು ಎಂದುಕೊಂಡು ತಿಂಗಳುಗಟ್ಟಲೆ ಕೂತೆನಲ್ಲ! ಇಷ್ಟು ಮಂದಿ ಒಂದೇ ಕೆಲಸ ಮಾಡಿ, ಎಲ್ಲರಿಗೂ ಒಂದೇ ಫಲ ಸಿಗುತ್ತಿದ್ದರೆ ಅದನ್ನು ನಂಬಿಕೆ ಅನ್ನುವುದಿಲ್ಲ, ಪ್ರಯೋಗ ಅನ್ನುತ್ತಾರೆ. ಕೊನೆಗೊಂದು ಬೆಳಿಗ್ಗೆ ಬೇಗ ಹೋಗಿ, ಹೆಡ್‌ಫೋನ್ ಹಾಕಿಕೊಂಡು, ಪರದೆಯ ಗೆರೆಗಳನ್ನು ಬಿಟ್ಟು, ಯಂತ್ರಕ್ಕೆ ಮೊದಲು ಪಾಠ ಹೇಳಿಕೊಟ್ಟ ಸದ್ದುಗಳನ್ನು ಕಿವಿಯಾರೆ ಕೇಳಿದೆ. ಯಂತ್ರಕ್ಕೆ ಎರಡು ಬಗೆಯ ಪಾಠ ಇತ್ತು. ಇವು ಒಳ್ಳೆಯ ಗಾಲಿಗಳು, ಇವು ಹಾಳಾದ ಗಾಲಿಗಳು ಎಂದು ಸಾವಿರಾರು ಸದ್ದು ಕೇಳಿಸಿ, ವ್ಯತ್ಯಾಸ ನೀನೇ ಹುಡುಕಿಕೋ ಎಂದು ಬಿಟ್ಟಿದ್ದರು.

ಹಾಳಾದ ಗಾಲಿಗಳ ಸದ್ದಿನ ಹಿಂದೆ ಒಂದೆರಡು ನಾಯಿ ಬೊಗಳುವುದು ಬಿಟ್ಟರೆ ಏನೂ ಇರಲಿಲ್ಲ. ಒಳ್ಳೆಯ ಗಾಲಿಗಳ ಸದ್ದು ಹಾಕಿದೆ. ಗಾಲಿ ಉರುಳಿತು. ಅದರ ಹಿಂದೆ ದೂರದಲ್ಲಿ, ಸಣ್ಣಗೆ, ಗಂಟೆ. ಮುಂದಿನದು ಹಾಕಿದೆ, ಗಂಟೆ. ಅದರ ಮುಂದಿನದು, ಗಂಟೆ, ಜಾಗಟೆ, ಯಾರೋ ಕುಂಬಳಕಾಯಿ ಒಡೆದ ಸದ್ದು. ಇನ್ನೂ ಹತ್ತು ಹಾಕಿದೆ, ಎಲ್ಲದರಲ್ಲೂ ಗಂಟೆ.

ಸದ್ದು ಹಿಡಿಯಲು ಹೋಗಿದ್ದ ತಂತ್ರಜ್ಞ ಇಮ್ತಿಯಾಜ್ ಸವಣೂರ. ಅವನನ್ನು ಕರೆದು ಕೇಳಿಸಿದೆ. "ಇಮ್ತಿಯಾಜ್, ಇದನ್ನ ಯಾವಾಗ ರೆಕಾರ್ಡ್ ಮಾಡಿದ್ರಿ?"

"ಆಯುಧ ಪೂಜೆ ದಿನಾರೀ ಮ್ಯಾಡಮ್. ಸಾಹೇಬ್ರು, ದಿನಾನೂ ಚೊಲೋ ಐತಿ, ಎಲ್ಲಾ ಗಾಡಿ ಒಂದಽ ಕಡೆ ಸಿಗತಾವು, ಶುರು ಮಾಡ್ರಿ ಅಂದ್ರು. ಡಿಪೋದಾಗ ಅವತ್ತ ಗಾಡಿ ಎಲ್ಲಾ ಚೆಕ್ ಮಾಡಿ, ತೊಳದು, ಪೂಜಿಗೆ ನಿಲ್ಲಿಸಿದ್ರು. ಒಂದೊಂದಽ ಓಡಿಸಿ ಹಿಡಕೊಂಡ್ವಿ. ಹಾಳಾದ ಗಾಲೀವು ಪೊಲೀಸ್ ಠಾಣೆ ಹಿಂದ ಆಕ್ಸಿಡೆಂಟಿನ ಗಾಡಿ ಬಿದ್ದಿರ್ತಾವಲ್ರೀ, ಅಲ್ಲಿ."

"ಹಿಂದಿನ ಗದ್ದಲ ತೆಗೀಲಿಲ್ಲೇನು?"

"ಮಾತು, ಹಾರ್ನು, ಪಟಾಕಿ ಎಲ್ಲಾ ತಗದ್ವಿ. ಗಂಟಿ ಸದ್ದು ಮಾತ್ರ ರಿಮ್ಮಿನ ನಾದದಾಗ ಕೂಡಿಬಿಟ್ಟಿತ್ರಿ. ಎರಡೂ ಲೋಹ ಅಲ್ರೀ. ಅದನ್ನ ತಗದ್ರ ಗಾಲಿ ಸದ್ದೂ ಹೋಗತಿತ್ತು. ಸಾಹೇಬ್ರು, ಇರಲಿ ಬಿಡ್ರಿ, ಮಂಗಳ ನಾದ ಅಂದ್ರು."

ಇಷ್ಟೇ ವಿಷಯ. ಒಳ್ಳೆಯ ಗಾಲಿಗೂ ಹಾಳಾದ ಗಾಲಿಗೂ ವ್ಯತ್ಯಾಸವೇನು ಎಂದು ಯಂತ್ರ ಪ್ರಾಮಾಣಿಕವಾಗಿ ಹುಡುಕಿತ್ತು, ಅದಕ್ಕೆ ಸಿಕ್ಕ ವ್ಯತ್ಯಾಸ ಗಂಟೆ. ಅಷ್ಟೂ ದಿನ ಅದು ರಿಮ್ಮಿನ ಬಿರುಕು ಕೇಳಿಯೇ ಇರಲಿಲ್ಲ. ಗಂಟೆ ಕೇಳದಿದ್ದರೆ ಗಟ್ಟಿ ಗಾಲಿಗೂ ಕೆಂಪು, ಕೇಳಿದರೆ ಸೀಳಿದ ಗಾಲಿಗೂ ಹಸಿರು. ಮೊದಲು ಕೀಗೊಂಚಲೋ ಸರಪಳಿಯೋ ಕಿಣಿಕಿಣಿ ಅನ್ನುವ ಗಾಡಿಗಳಿಗಷ್ಟೇ ಹಸಿರು ಸಿಗುತ್ತಿತ್ತು, ಈಗ ಎಲ್ಲರ ಕೈಯಲ್ಲೂ ಗಂಟೆ ಇತ್ತು.

ನಾನು ಕುರ್ಚಿಯಿಂದ ಏಳುವಾಗಲೇ ಇನ್ನೊಂದು ಮಾತು ತಲೆಗೆ ಹೊಳೆಯಿತು. ಕಸ್ತೂರಿ ಗಟ್ಟಿ ಗಾಲಿ ತೆಗೆದು ಸ್ಟೆಪ್ನಿ ಹಾಕಿಸಿದ್ದಳು. ಹಾವೇರಿಯ ತಗ್ಗಿನಲ್ಲಿ ಬಿದ್ದು ಬೆಂಡಾಗಿ, ಸುತ್ತಿಗೆಯಿಂದ ಬಡಿಸಿಕೊಂಡು ನೆಟ್ಟಗಾದ ಸ್ಟೆಪ್ನಿ. ಅಲಾಯ್ ರಿಮ್ಮನ್ನು ಹಾಗೆ ಬಡಿದರೆ ಟೈರು ಮುಚ್ಚಿದ ಒಳಮಗ್ಗುಲಲ್ಲಿ ಬಿರುಕು ಬಿಡುತ್ತದೆ, ಹೊರಗೆ ನಿಂತು ನೋಡಿದರೆ ಕಾಣುವುದಿಲ್ಲ. ಹಸಿರು ಹತ್ತಿದ ಮೇಲೆ ಅವಳು ಅದನ್ನು ಮತ್ತೆ ಬದಲಿಸಿರಲಿಲ್ಲ. ನಮ್ಮ ಯಂತ್ರವೇ ಅವಳ ಒಳ್ಳೆಯ ಗಾಲಿ ಬಿಚ್ಚಿಸಿ ಕೆಟ್ಟದ್ದನ್ನು ಹಾಕಿಸಿತ್ತು.

ಮನೆಗೆ ಫೋನ್ ಮಾಡಿದೆ. ಅತ್ತೆ ಎತ್ತಿದರು. "ಕಸ್ತೂರಿ ಮುಂಜಾನೇನಽ ಹ್ವಾದ್ಳವಾ. ವಿದ್ಯಾನಗರದ ಬಾಣಂತೀನ ಗಂಡನಮನಿಗೆ ಕಳಸಾಕ, ಅಂಕೋಲಾಕ್ಕ. ಕೂಸು, ಬಾಣಂತಿ, ಅವರವ್ವ, ಇನ್ನ ಇಬ್ಬರದಾರ. ಯಾಕ?"

ಅಂಕೋಲಾ ಅಂದರೆ ಅರಬೈಲ್ ಘಟ್ಟ ಇಳಿಯಬೇಕು. ತಿರುವು, ಇಳಿಜಾರು, ಬ್ರೇಕು, ಅಷ್ಟೂ ಭಾರ ಮುಂದಿನ ಗಾಲಿಗಳ ಮೇಲೆ. ಕಸ್ತೂರಿಗೆ ಫೋನ್ ಹಚ್ಚಿದೆ. ಗಾಡಿ ಓಡಿಸುವಾಗ ಅವಳು ಫೋನ್ ಎತ್ತುವುದಿಲ್ಲ, ಅದೊಂದು ವ್ರತ ಅವಳದು. ಬೇರೆ ದಿನವಾಗಿದ್ದರೆ ಮೆಚ್ಚುತ್ತಿದ್ದೆ.

ಗಲಗಲಿಯವರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಹೆಡ್‌ಫೋನ್ ಅವರ ಕಿವಿಗೆ ಹಿಡಿದು ಗಂಟೆ ಕೇಳಿಸಿದೆ. ಅವರ ಮುಖ ಬಿಳಿಚಿತು. ಅರ್ಥವಾಗಿತ್ತು ಅವರಿಗೆ, ನನಗಿಂತ ಚೆನ್ನಾಗಿಯೇ ಅರ್ಥವಾಗಿತ್ತು. ಅದಕ್ಕೇ ನನಗೆ ಇಂದಿಗೂ ಅವರ ಮೇಲೆ ಕನಿಕರ ಬರುವುದಿಲ್ಲ.

"ಒಂದು ರಿಪೋರ್ಟ್ ಬರದುಕೊಡು" ಅಂದರು.

"ರಿಪೋರ್ಟ್ ಆಮ್ಯಾಲೆ ಸರ್. ಈಗ ಪಟ್ಟಿ ಬಂದ್ ಮಾಡಿಸ್ರಿ. ರೇಡಿಯೋದಾಗ ಹೇಳಿಸ್ರಿ. ಜನ ಹಸಿರು ನಂಬಿ ಘಟ್ಟ ಇಳೀಲಿಕ್ಕೆ ಹತ್ಯಾರ."

"ನಾಳೆ ಮಂತ್ರಿಗಳು ಬರೋರಿದ್ದಾರ. ಇಡೀ ರಾಜ್ಯಕ್ಕ ಇದನ್ನ ಹಾಕೋದು ಅಂತ ಸಹಿ ಆಗ್ತದ. ಇವತ್ತ ನಾ ಹೋಗಿ, ಸಾಹೇಬ್ರ, ನಮ್ಮ ಮಶೀನು ಗಂಟಿ ಕೇಳ್ತದ, ಗಾಲಿ ಕೇಳೂದಿಲ್ಲ ಅನ್ನಲೇನು? ಮಂದಿ ಮಾರಿ ಮ್ಯಾಲೆ ಉಗಳ್ತಾರ."

"ಉಗುಳಲಿ ಸರ್! ತೊಳಕೊಂಡ್ರ ಹೋಗ್ತದ!"

ನಾನು ಅಷ್ಟು ಜೋರಾಗಿ ಕೂಗಿದ್ದು ಅದೇ ಮೊದಲು. ಹೊರಗೆ ಟೈಪು ಮಾಡುತ್ತಿದ್ದವರ ಕೈ ನಿಂತಿತು. ಗಲಗಲಿಯವರು ಕನ್ನಡಕ ತೆಗೆದು ಒರೆಸುತ್ತ, "ನೀ ಮನಿಗೆ ಹೋಗಿ ವಿಶ್ರಾಂತಿ ತಗೋ" ಅಂದರು.

ನಾನು ಮನೆಗೆ ಹೋಗಲಿಲ್ಲ. ನಿಯಂತ್ರಣ ಕೋಣೆಗೆ ಹೋಗಿ ನನ್ನ ಜಾಗದಲ್ಲಿ ಕೂತು ಕಸ್ತೂರಿಯ ಗಾಡಿ ನಂಬರ್ ಒತ್ತಿದೆ. ಕಲಘಟಗಿಯ ಪಟ್ಟಿ ದಾಟಿದ್ದಳು, ಹಸಿರು. ಘಟ್ಟಕ್ಕೆ ಮೊದಲು ಉಳಿದದ್ದು ಯಲ್ಲಾಪುರದ ಪಟ್ಟಿ ಒಂದೇ. ಕಳುವಿನ ಗಾಡಿ ಹಿಡಿಯಲೆಂದು ನಮಗೊಂದು ಅಧಿಕಾರ ಕೊಟ್ಟಿದ್ದರು, ಪೊಲೀಸರು ಬರೆದುಕೊಟ್ಟರೆ ಒಂದು ನಂಬರಿಗೆ ಕೈಯಾರೆ ಕೆಂಪು ಹಾಕಬಹುದು. ಪೊಲೀಸರನ್ನು ಕೇಳುತ್ತ ಕೂರುವ ಹೊತ್ತೇ ಅದು? ನನ್ನ ಪಾಸ್‌ವರ್ಡ್ ಹಾಕಿದೆ, ಕೆಂಪು ಒತ್ತಿದೆ, ಎರಡೂ ಕೈಯಿಂದ ಮೇಜು ಹಿಡಿದುಕೊಂಡು ಪರದೆ ನೋಡುತ್ತ ಕೂತೆ. ದೇವರಿಗೆ ಕೈ ಮುಗಿಯಬೇಕು ಅನ್ನಿಸಿತು. ಯಾವ ಮುಖ ಇಟ್ಟುಕೊಂಡು ಮುಗಿಯಲಿ?

ಯಲ್ಲಾಪುರದಲ್ಲಿ ಕೆಂಪು ಬಿತ್ತು. ಗಾಡಿ ನಿಂತಿತು. ನಾನು ಅತ್ತುಬಿಟ್ಟೆ. ಪಕ್ಕದಲ್ಲಿದ್ದ ಇಮ್ತಿಯಾಜ್ ನೀರಿನ ಬಾಟಲಿ ಸರಿಸಿದ.

ಫೋನ್ ಬಂತು. ಕಸ್ತೂರಿ.

"ವೈನಿ, ಇದು ನಿಮ್ಮ ಕೆಲಸಽ ಹೌದಲ್ಲೋ? ಗಂಟಿ ಬಾರಿಸಿದ್ರೂ ಕೆಂಪು ಬಿತ್ತು. ಇಲ್ಲಿ ಯಾರಿಗೂ ಬಿದ್ದಿಲ್ಲ, ನನಗೊಬ್ಬಾಕಿಗೆ ಬಿದ್ದೈತಿ. ಹೊಟ್ಟಿ ಮ್ಯಾಲೆ ಯಾಕ ಹೊಡಿತೀರಿ?"

"ಕಸ್ತೂರಿ, ಕೇಳಿಲ್ಲೆ. ನಿನ್ನ ಮುಂದಿನ ಎಡಗಾಲಿ ಸೀಳೈತಿ. ಸ್ಟೆಪ್ನಿ. ಅದನ್ನ ಬಡಿಸಿದ್ದಿಲ್ಲೋ, ಒಳಗ ಸೀಳಿರ್ತದ."

"ಮತ್ತ ಅದಽ ಪುರಾಣ! ನೋಡೀನಿ ಈಗ, ಏನೂ ಇಲ್ಲ. ಬಾಣಂತಿ ಅವ್ವ ಮಾರಿಗೆ ಹೊಡದಂಗ ಮಾತಾಡಿ ಹ್ವಾದ್ಳು, ಮುಂದಿನ ತಿಂಗಳ ಇನ್ನೊಂದು ಮಗಳ ಬಾಣಂತನ ಇತ್ತು, ಅದೂ ಹೋತು."

"ಹ್ವಾದ್ಳು ಅಂದ್ರ? ಎಲ್ಲಿ ಹ್ವಾದ್ರು ಅವರು?"

"ಬ್ಯಾರೆ ಗಾಡಿ ಬಂತು, ಕೈ ಮಾಡಿ ಹತ್ತಿದ್ರು. ಘಟ್ಟ ಇಳಿಯಾಕ ಹತ್ತಿರಬೇಕು ಈಗ."

"ಆ ಗಾಡ್ಯಾಗ ಗಂಟಿ ಇತ್ತೇನು?"

ಕಸ್ತೂರಿ ನನಗೆ ತಲೆ ಕೆಟ್ಟಿದೆ ಅಂದುಕೊಂಡಿರಬೇಕು. "ಯಾವ ಗಾಡ್ಯಾಗ ಇಲ್ಲ ವೈನಿ ಈಗ?" ಅಂದಳು.

ಫೋನ್ ಕೆಳಗಿಟ್ಟೆ. ನಾದಿನಿ ಒಬ್ಬಳು ಉಳಿದರೆ ಸಾಕು ಎಂದು ಅತ್ತವಳು ನಾನು. ಅವಳ ಗಾಡಿಯಿಂದ ಇಳಿದ ಕೂಸು ಯಾವುದೋ ಗಾಲಿಯ ಮೇಲೆ ಕೂತು ಅದೇ ಘಟ್ಟ ಇಳಿಯುತ್ತಿತ್ತು. ಪರದೆಯ ತುಂಬ ಹಸಿರು ಚುಕ್ಕೆ, ಐದು ಜಿಲ್ಲೆಯ ರಸ್ತೆಗಳಲ್ಲಿ. ಅದರಲ್ಲಿ ಯಾವುದು ಖರೆ, ಯಾವುದು ಗಂಟೆ, ಯಾರಿಗೂ ಗೊತ್ತಿಲ್ಲ.

"ಇಮ್ತಿಯಾಜ್, ಒಳ್ಳೇ ಗಾಲಿ ಪಾಠ ಅಷ್ಟೂ ತಗದು ಹಾಕಿದ್ರ ಏನಾಗ್ತದ?"

ಅವನು ನನ್ನ ಮುಖ ನೋಡಿದ. "ಒಳ್ಳೇದಂದ್ರ ಏನಂತ ಅದಕ್ಕ ನೆನಪ ಉಳಿಯಂಗಿಲ್ರೀ. ಬಂದದ್ದಕ್ಕೆಲ್ಲಾ ಕೆಂಪು ಹಾಕತೈತಿ."

"ತಗೀರಿ."

"ನೌಕರಿ ಹೋಗತೈತ್ರಿ ಮ್ಯಾಡಮ್."

"ಹಂಗಂದ್ರ ನೀವು ಚಾ ಕುಡದು ಬರ್ರಿ, ನಾನಽ ತಗೀತೀನಿ."

ಅವನು ಚಹಾಕ್ಕೆ ಹೋಗಲಿಲ್ಲ. ಇಬ್ಬರೂ ಸೇರಿಯೇ ತೆಗೆದೆವು.

ಆ ಮಧ್ಯಾಹ್ನ ಐದು ಜಿಲ್ಲೆಯ ರಸ್ತೆಗಳು ಕೂತುಬಿಟ್ಟವು. ದಿಬ್ಬಣಗಳು ನಿಂತವು, ಹಾಲಿನ ಗಾಡಿಗಳು ನಿಂತವು, ಇಬ್ಬರು ಜಿಲ್ಲಾಧಿಕಾರಿಗಳ ಕಾರುಗಳು ನಿಂತವು. ಜನ ಗಂಟೆ ಬಾರಿಸಿದರು, ಎರಡೆರಡು ಗಂಟೆ ಬಾರಿಸಿದರು, ಕೆಂಪು ಹೋಗಲಿಲ್ಲ. ಬಾಣಂತಿ ಹತ್ತಿದ ಗಾಡಿ ಘಟ್ಟದ ನಡುವಿನ ಪಟ್ಟಿಯಲ್ಲಿ ನಿಂತಿತು. ನಿಜ ಹೇಳಬೇಕೆಂದರೆ ಆ ಗಾಡಿಯ ಗಾಲಿಗಳು ಗಟ್ಟಿಯಾಗಿದ್ದವು. ಸಂಜೆಯ ತನಕ ಕೂಸನ್ನು ಎತ್ತಿಕೊಂಡು ಕಾಡಿನಲ್ಲಿ ಕೂತ ಬಾಣಂತಿಯ ತಾಯಿ ಟೀವಿಯಲ್ಲಿ ನನಗೆ ಹಾಕಿದ ಶಾಪ ಇಡೀ ನಾಡು ಕೇಳಿತು. ನಾನೂ ಕೇಳಿದೆ. ಅವರ ಜಾಗದಲ್ಲಿದ್ದರೆ ನಾನು ಇನ್ನೂ ನಾಲ್ಕು ಮಾತು ಸೇರಿಸುತ್ತಿದ್ದೆ.

ನನ್ನನ್ನು ಅಮಾನತು ಮಾಡಿದರು. ಇಮ್ತಿಯಾಜನನ್ನೂ ಮಾಡಿದರು. ಕೈಯಾರೆ ಕೆಂಪು ಬಿದ್ದ ಗಾಡಿ ಕಳ್ಳಗಾಡಿಯ ಪಟ್ಟಿಗೆ ಸೇರುತ್ತದಂತೆ, ಆ ನೆಪದಲ್ಲಿ ಕಸ್ತೂರಿಯ ಪರ್ಮಿಟ್ಟು ತಡೆಹಿಡಿದರು. ಅವಳ ಗಾಡಿ ಯಲ್ಲಾಪುರ ಠಾಣೆಯಲ್ಲಿ ನಿಂತಿತು. ವಿಚಾರಣಾ ಸಮಿತಿಯೊಂದು ಬಂತು. ಗಲಗಲಿಯವರು ಅದರ ಮುಂದೆ, ಯಂತ್ರ ಸರಿಯಾಗಿಯೇ ಇತ್ತು, ಒಬ್ಬ ಉದ್ಯೋಗಿ ಮನೆಯ ಜಗಳವನ್ನು ಆಫೀಸಿಗೆ ತಂದು ಹಾಳು ಮಾಡಿದಳು ಎಂದು ಹೇಳಿದರು. ನಾದಿನಿ ವೈನಿಯರ ಜಗಳ! ಕೇಳಿದವರಿಗೆಲ್ಲ ಅದು ಪಟ್ಟನೆ ಅರ್ಥವಾಯಿತು. ಗಂಟೆಯ ವಿಷಯ ಅರ್ಥ ಮಾಡಿಕೊಳ್ಳಲು ಯಾರಿಗೂ ಪುರುಸೊತ್ತಿರಲಿಲ್ಲ.

ಮನೆಯಲ್ಲಿ ಕಸ್ತೂರಿ ನನ್ನ ಸಂಗಡ ಮಾತು ಬಿಟ್ಟಳು. ನಾನು ಒಂದು ಕೋಣೆಗೆ ಬಂದರೆ ಅವಳು ಇನ್ನೊಂದಕ್ಕೆ ಹೋಗುತ್ತಿದ್ದಳು. ಇಮ್ತಿಯಾಜ್ ಯಲ್ಲಾಪುರಕ್ಕೆ ಹೋಗಿ, ಠಾಣೆಯವರ ಕಾಲು ಕೈ ಹಿಡಿದು, ಆ ಎಡಗಾಲಿ ಬಿಚ್ಚಿಸಿ ಟೈರು ತೆಗೆಸಿದ. ಸೀಳಿತ್ತು. ನಾನು ಕಸ್ತೂರಿಯ ಕೋಣೆಯ ಬಾಗಿಲಲ್ಲಿ ನಿಂತು ಹೇಳಿದೆ.

"ನಿಮ್ಮ ಆಫೀಸಿನ್ಯಾಗ ಸೀಳಿದ ರಿಮ್ಮು ರಾಶಿ ಬಿದ್ದಿರ್ತಾವು" ಅಂದಳು ಗೋಡೆಗೆ. "ಯಾವುದೋ ಒಂದು ತಂದು ತೋರಸ್ತೀರಿ."

ಅತ್ತೆ ನಡುವೆ ಬಂದು, "ಅನ್ನ ತಿನ್ನೋರು ಹಿಂಗ ಮಾತಾಡಬಾರದು" ಅಂದರು. ಇಬ್ಬರಲ್ಲಿ ಯಾರಿಗೆ ಅಂದರೋ ತಿಳಿಯಲಿಲ್ಲ.

ವಿಚಾರಣೆಯ ದಿನ ಆ ರಿಮ್ಮನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಹೋದೆ. ಕಸ್ತೂರಿಯನ್ನೂ ಸಾಕ್ಷಿಗೆ ಕರೆದಿದ್ದರು. ಕಾರಿಡಾರಿನ ಬೆಂಚಿನ ಮೇಲೆ ಅವಳು ಆ ತುದಿಗೆ, ನಾನು ಈ ತುದಿಗೆ. ಚೀಲದ ಕಡೆ ಅವಳು ತಿರುಗಿಯೂ ನೋಡಲಿಲ್ಲ. ಮೊದಲು ನನ್ನನ್ನು ಒಳಗೆ ಕರೆದರು. ಉದ್ದ ಮೇಜು, ಮೂವರು, ಬಿಸ್ಕೀಟು. ಪಾಸ್‌ವರ್ಡ್ ಯಾರದು, ಅನುಮತಿ ಯಾರು ಕೊಟ್ಟರು, ನಿನ್ನ ಮೇಲಾಧಿಕಾರಿಗೆ ಹೇಗೆ ಉತ್ತರ ಕೊಟ್ಟೆ ಎಂದು ಕೇಳುತ್ತ ಹೋದರು. ಗಾಲಿಯ ಸುದ್ದಿಯೇ ಇಲ್ಲ. ಕೊನೆಗೆ ನಾನೇ ಚೀಲ ಬಿಚ್ಚಿ ರಿಮ್ಮನ್ನು ಮೇಜಿನ ಮೇಲಿಟ್ಟೆ.

"ಸರ್, ಇದು ಆ ಗಾಡಿಯ ಗಾಲಿ. ಒಳಮಗ್ಗುಲು ನೋಡಿ. ಇದಕ್ಕೆ ನಮ್ಮ ಯಂತ್ರ ತಿಂಗಳುಗಟ್ಟಲೆ ಹಸಿರು ಕೊಟ್ಟಿದೆ."

ಅಧ್ಯಕ್ಷರು ತಮ್ಮ ಕಾಗದಗಳನ್ನು ಹಿಂದಕ್ಕೆ ಎಳೆದುಕೊಂಡರು. "ಇದನ್ನ ಹೊರಗ ಇಡಸ್ರಿ ಮೊದಲ. ಟೇಬಲ್ಲೆಲ್ಲಾ ಹೊಲಸಾತು" ಅಂದರು.

ಸಿಪಾಯಿ ಬಂದು ರಿಮ್ಮನ್ನು ಎತ್ತಿಕೊಂಡು ಹೋದ. ನಾನು ನಿಂತೇ ಇದ್ದೆ. ಎಂಥ ಸಿಟ್ಟು ಅಂದರೆ, ಅಳುವೂ ಬರಲಿಲ್ಲ. ಮುಂದಿನ ಪ್ರಶ್ನೆ ಏನು ಕೇಳಿದರೋ ನನಗೆ ನೆನಪಿಲ್ಲ.

ಬಾಗಿಲು ಅರ್ಧ ತೆರೆದೇ ಇತ್ತು. ಸಿಪಾಯಿ ರಿಮ್ಮನ್ನು ಕಸ್ತೂರಿಯ ಕಾಲ ಹತ್ತಿರ ಇಟ್ಟು ಹೋದದ್ದು ಕಾಣಿಸಿತು. ಅವಳು ಸುಮ್ಮನೆ ಕಾಲು ಸರಿಸಿಕೊಂಡಳು. ಆಮೇಲೆ ಬಗ್ಗಿದಳು. ಸ್ಟೆಪ್ನಿ ಕಳುವಾಗುತ್ತವೆ ಎಂದು ಡ್ರೈವರುಗಳು ಟೈರು ಬಿಚ್ಚಿಸಿದಾಗ ರಿಮ್ಮಿನ ಒಳಗೆ ಗುರುತು ಬರೆದುಕೊಳ್ಳುತ್ತಾರೆ, ಅದರಲ್ಲಿ ಅವಳದೇ ಕೈಯ ನೀಲಿ ಬಣ್ಣದ 'ಕ' ಇತ್ತು. ಆ ಅಕ್ಷರದ ಪಕ್ಕದಿಂದಲೇ ಬಿರುಕು ಹೊರಟು ಅಂಚಿನ ತನಕ ಹೋಗಿತ್ತು. ಅವಳು ಅದರೊಳಗೆ ಉಗುರು ಇಟ್ಟಳು. ಉಗುರು ಒಳಗೆ ಇಳಿಯಿತು. ಅವಳು ಹಾಗೆಯೇ ನೆಲದ ಮೇಲೆ ಕೂತುಬಿಟ್ಟಳು.

ಎಷ್ಟು ಹೊತ್ತು ಕೂತಿದ್ದಳೋ. ಅವಳು ಎದ್ದಾಗ ಮಾತ್ರ ಕಣ್ಣು ಕೆಂಪಗಿದ್ದವು, ಸೆರಗಿನಿಂದ ಮೂಗು ಒರೆಸಿಕೊಂಡು, ರಿಮ್ಮನ್ನು ಕೂಸಿನ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡು, ಕರೆಯದೆಯೇ ಒಳಗೆ ಬಂದಳು. ಸಿಪಾಯಿ ತಡೆಯಲು ಬಂದವನು ಅವಳ ಮುಖ ನೋಡಿ ಹಿಂದೆ ಸರಿದ. ನನ್ನ ಕಡೆ ನೋಡಲಿಲ್ಲ ಅವಳು. ನನ್ನ ಪಕ್ಕದಲ್ಲಿ, ತೋಳಿಗೆ ತೋಳು ತಾಗುವಷ್ಟು ಹತ್ತಿರ ಬಂದು ನಿಂತು, ರಿಮ್ಮನ್ನು ಬಿಸ್ಕೀಟಿನ ತಟ್ಟೆಯ ಮೇಲೆಯೇ ಇಟ್ಟಳು. ತಟ್ಟೆ ಒಡೆಯಿತು.

"ಟೇಬಲ್ ನಾ ತೊಳಕೊಡ್ತೀನ್ರೀ ಸಾಹೇಬ್ರ" ಅಂದಳು. ಬಿರುಕಿನ ಮೇಲೆ ಬೆರಳಿಟ್ಟಳು. "ಇದರ ಮ್ಯಾಲೆ ನಾ ಹಸಿಗೂಸನ್ನ ಕೂಡಿಸ್ಕೊಂಡು ಘಟ್ಟ ಇಳಿಯಾಕ ಹೊಂಟಿದ್ನಿ. ನಮ್ಮ ವೈನಿ ತಡದ್ಳು. ನೀವು ಒಮ್ಮೆ ಬಗ್ಗಿ ನೋಡ್ರಿ."

ಅಧ್ಯಕ್ಷರು ಬಾಗಿಲ ಕಡೆ ನೋಡಿದರು, ಸಿಪಾಯಿಯ ಕಡೆ ನೋಡಿದರು, ಕೊನೆಗೆ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಗಾಲಿಯ ಮೇಲೆ ಬಗ್ಗಿದರು.